ಕಾರಡವಿ ಮಲ್ಲಯ್ಯನ ಹರಕಿ

ನವೆಂಬರ್ 10, ಐತವಾರ. ಮುಂಜಾನಿ 11

ರೊಟ್ಟಿ ಬಡದು ಮುಗೀತು. ಅತ್ತಿ ಮೊಣಕಾಲಿಗಿ ಎಣ್ಣಿ ತಿಕ್ಕಿದ್ದೂ ಆತು. ಇವರು ಗದ್ದಿ ಕಡಿ ಹೋಗ್ಯಾರ. ಕಾಲುವಿ ನೀರು ಇನ್ನ ಹತ್ತ ದಿನಕ್ಕ ಬಂದ್ ಅಂತ, ಗದ್ದಿ ಆರಿದ ಮ್ಯಾಲ ಭತ್ತ ಕೊಯ್ಯೋ ಮಶೀನು ಬರ್ತದ. ಬಟ್ಟಿ ಒಗಿಯೋದು ಬಾಕಿ ಅದ. ಇರಲಿ. ಬಟ್ಟಿ ಎಲ್ಲಿಗೂ ಓಡಿ ಹೋಗಲ್ಲ.

ಈಗ ಮರಿಲಿಂಗಿ ಫೋನ್ ಬಂದಿತ್ತು. ತಂಗಿ. ಯಾದಗಿರಿಯಾಗ ಕ್ಲರ್ಕು, ಮಾತು ಮಾತ್ರ ಕಲೆಕ್ಟರ್ ಮಾತಾಡಿದಂಗ. "ಯಕ್ಕಾ, ಬುಕ್ ಮಾಡಿಬಿಟ್ಟೆ!"

ಬುಕ್ ಆತು!! ಜೋಯಿಡಾ ಅಡವ್ಯಾಗ ಕಟಗಿ ಮನಿ. ಡಿಸೆಂಬರ್ 13 ಶುಕ್ರವಾರ ಹೋಗೋದು, 15 ಐತವಾರ ಹೊಳ್ಳಿ ಬರೋದು. ಎರಡು ರಾತ್ರಿ. ನಾನು, ಮರಿಲಿಂಗಿ, ತಿಂಥಣಿ ಅಕ್ಕ ತಿಮ್ಮವ್ವ. ಮೂವರೇ. ಗಂಡಸೂರು ಇಲ್ಲ, ಮಕ್ಕಳಿಲ್ಲ, ಅತ್ತಿ ಇಲ್ಲ.

ಫೋಟೋ ಕಳಿಸ್ಯಾಳ. ಹತ್ತ ಸಲ ನೋಡಿದೆ. ಕಂಬದ ಮ್ಯಾಲ ನಿಂತ ಮನಿ. ಗ್ವಾಡಿ ಕಟಗಿ, ನೆಲ ಕಟಗಿ, ಮೆಟ್ಟಲಾನೂ ಕಟಗಿ. ಸುತ್ತ ಬರೇ ಗಿಡ. ಗಿಡದ ಹಿಂದ ಗುಡ್ಡ, ಗುಡ್ಡದ ಮ್ಯಾಲೂ ಗಿಡ. ನಾವು ಹತ್ತಿಕುಣಿಯಾಗ ಹುಟ್ಟಿದೋರು, ಗುಡ್ಡ ನೋಡಿಲ್ಲಂತಲ್ಲ. ನಮ್ಮ ಗುಡ್ಡ ಅಂದ್ರ ಬಂಡಿಗಲ್ಲು, ನಡಬರಕ ಒಂದೀಟು ಕುರುಚಲ ಗಿಡ. ಹಿಂಥಾ ಹಸರು ಗುಡ್ಡ ಟಿವಿಯಾಗಷ್ಟ ನೋಡಿದ್ದು.

ಮನಿ ಮುಂದ ಮೂರು ಕುರ್ಚಿ ಹಾಕ್ಯಾರ. "ನೋಡು ಯಕ್ಕಾ, ಲೆಕ್ಕ ಮಾಡಿ ನಮಗೇ ಹಾಕ್ಯಾರ," ಅಂದ್ಲು ಮರಿಲಿಂಗಿ.

ಅಕ್ಕನ ಲಗ್ನ ಆದಾಗ ನಾ ಒಂಬತ್ತ ವರ್ಷದಾಕಿ. ಅದಾದ ಮ್ಯಾಲ ಮೂವರೂ ಕೂಡಿದ್ದು ಮದಿವ್ಯಾಗ, ಮೈಲಿಗ್ಯಾಗ, ಬಾಣಂತನದಾಗ. ಕೂಡಿದಾಗೆಲ್ಲಾ ಒಲಿ ಮುಂದ. ಅವ್ವ ಸತ್ತ ದಿನ ಒಂದು ಕೌದ್ಯಾಗ ಮೂವರೂ ಮಲಗಿದ್ವಿ, ಅದೇ ಕಡೀದು. ಹನ್ನೊಂದು ವರ್ಷ ಆತು. ಈ ಸಲ ಏನಾದ್ರೂ ಆಗಲಿ, ಹೋಗೋದೇ ಹೋಗೋದು.

ನವೆಂಬರ್ 11, ಸೋಮವಾರ. ಮಧ್ಯಾಹ್ನ, ಅಂಗನವಾಡಿ

ಮಕ್ಕಳು ಮಲಗ್ಯಾವ. ಆಯಾ ಹಣಮಂತಮ್ಮ ಭಾಂಡಿ ತಿಕ್ಕಾಕತ್ತಾಳ. ಈ ಡೈರಿ ರೇಷನ್ ರಜಿಸ್ಟರ್ ಕೆಳಗ ಇಡ್ತೀನಿ, ಯಾರೂ ಮುಟ್ಟಲ್ಲ. ಹುಣಸಗಿ ಗೊಬ್ಬರ ಅಂಗಡಿಯವರು ಕೊಟ್ಟಿದ್ದು ಇದು, ಪುಟಕ್ಕೊಂದು ಯೂರಿಯಾ ಚಿತ್ರ.

ಅಕ್ಕಗ ಫೋನ್ ಮಾಡಿದೆ.

"ಅಲ್ಲಿ ಹುಲಿ ಅದಾವೇನ?"

"ಅದಾವಂತ. ಮನಿತಾನ ಬರಂಗಿಲ್ಲಂತ."

"ಅಡಗಿ ಯಾರ ಮಾಡ್ತಾರ?"

"ಅವರೇ ಮಾಡಿ ಹಾಕ್ತಾರ."

"ಭಾಂಡಿ?"

"ಅವರೇ."

"ಮತ್ತ ನಾವೇನ ಮಾಡೋದು?"

"ಕೂಡೋದು."

"ಕೂತು?"

"ಕೂಡೋದು, ಅಷ್ಟ."

ಅಕ್ಕ ಮೆಲ್ಲಕ ಕೇಳಿದ್ಲು: "ಎಷ್ಟ ಹೊತ್ತು?"

ನಕ್ಕು ನಕ್ಕು ಹೊಟ್ಟಿ ನೋವು ಬಂತು. ಒಂದು ಕೂಸು ಎದ್ದು ಅಳಾಕತ್ತದ. ಹೋಗಬೇಕು.

ನವೆಂಬರ್ 17, ಐತವಾರ. ಸಂಜಿ

ಮನ್ಯಾಗ ಹ್ಯಾಂಗ ಹೇಳೋದು? ವಾರ ಆತು ಇದೇ ಫಿಕರ್.

ಮರಿಲಿಂಗಿ ಅಂತಾಳ, "ಸೀದಾ ಹೇಳು, ತಿರಗಾಡಾಕ ಹೊಂಟೀವಿ ಅಂತ." ಅಕಿಗೇನು, ಅತ್ತಿ ಇಲ್ಲ, ಗಂಡ ಶಹಾಪುರಕ್ಕ ಡ್ಯೂಟಿಗಿ ಹೋದಂವ ಸಂಜಿಗಿ ಬರ್ತಾನ. ಅಕ್ಕ ಅಂತಾಳ, "ಯವ್ವಾ, ಹಂಗಂದ್ರ ನಿಮ್ಮ ಮಾವ ನನ್ನ ಹೊಳಿಗಿ ನೂಕ್ತಾನ." ನೂಕಲ್ಲ. ಅಕ್ಕನ ಗಂಡ ಭಾಗಣ್ಣ ಮಾವ ಕೃಷ್ಣಾ ಹೊಳ್ಯಾಗ ಮೀನ ಹಿಡಿತಾನ, ಮೀನನ್ನೂ ಹೆದರ್ಸಲ್ಲ. ಆದ್ರ ಮಂದಿ ಏನಂತಾರ ಅನ್ನೋದಕ್ಕ ಭಾಳ ಹೆದರ್ತಾನ.

ತಿರಗಾಡೋದು ಅಂದ್ರ ನಮ್ಮ ಓಣ್ಯಾಗ ಬೈಗುಳ. "ತಿರಗಾಡಾಕಿ" ಅಂದ್ರ ಏನಂತ ಎಲ್ಲರಿಗೂ ಗೊತ್ತು. ಅದೇ ದೇವರಿಗಿ ಅನ್ರಿ, ಯಾರೂ ತಡಿಯಂಗಿಲ್ಲ. ಬಸ್ ಫ್ರೀ ಆದಾಗಿಂದ ಅರ್ಧ ಓಣಿ ಹೆಣಮಕ್ಕಳು ನೋಡಲಾರದ ದೇವ್ರು ಉಳದಿಲ್ಲ. ಅವರು ಏನ್ ಬರೇ ಕೈ ಮುಗದು ಬರ್ತಾರೇನ? ಐಸ್‌ಕ್ರೀಮ್ ತಿಂದು, ಹೊಳ್ಯಾಗ ಕಾಲಾಡ್ಸಿ, ಫೋಟೋ ಹೊಡ್ಕೊಂಡು ಬರ್ತಾರ.

ಅದಕ್ಕ ಇವತ್ತ ಊಟಕ್ಕ ಕೂತಾಗ ಹೇಳೇಬಿಟ್ಟೆ. "ಅತ್ತಿ, ಡಿಸೆಂಬರ್‌ದಾಗ ಅಕ್ಕತಂಗ್ಯಾರು ದೇವರಿಗಿ ಹೋಗಿ ಬರ್ತೀವ್ರಿ. ಹರಕಿ ಇತ್ತು."

ಭೀಮವ್ವತ್ತಿ ರೊಟ್ಟಿ ಮುರಿಯೋದು ನಿಲ್ಲಿಸಿದ್ಲು. "ಯಾ ದೇವರು?"

ಅದನ್ನ ಯಾರ ವಿಚಾರ ಮಾಡಿದ್ರು! ಮೂವರು ಕೂಡಿ ಬಸ್ಸು ನೋಡಿದ್ವಿ, ಸ್ವೆಟರ್ ನೋಡಿದ್ವಿ, ದೇವರು ನೋಡಿರಲಿಲ್ಲ. ಬಾಯಿಗಿ ಬಂದದ್ದು ಅಂದೆ: "ಕಾರಡವಿ ಮಲ್ಲಯ್ಯ."

"ಕೇಳೇ ಇಲ್ಲಲ್ಲ."

"ಅಡವ್ಯಾಗ ಇರ್ತಾನ್ರಿ."

"ಸತ್ಯುಳ್ಳಾಂವೇನ?"

"ಭಾಳ ರೀ."

"ಹೋಗಿ ಬಾ ಮತ್ತ," ಅಂದ್ಲು. ಇವರು ತಲಿ ಎತ್ತಿ ಒಂದ ಸಲ ನನ್ನ ಮಾರಿ ನೋಡಿದ್ರು, ಮತ್ತ ಪಲ್ಯ ನೀಡಿಸ್ಕೊಂಡ್ರು. ನನ್ನ ಗಂಡ ಅಂಬ್ರಪ್ಪನ ಹೊಟ್ಟ್ಯಾಗ ಏನದ ಅಂತ ಇಪ್ಪತ್ತಾರು ವರ್ಷ ಆದ್ರೂ ಗೊತ್ತಾಗಿಲ್ಲ ನನಗ.

ಗೆದ್ದೆ! ಮರಿಲಿಂಗಿಗಿ ಹೇಳಿದ್ರ, "ಯಕ್ಕಾ, ದೇವರನ್ನೇ ಹುಟ್ಟಸಿದಿ," ಅಂತ ನಕ್ಕಳು.

ನವೆಂಬರ್ 18, ಸೋಮವಾರ

ಹಣಮಂತಮ್ಮ ಬಾಗಿಲದಾಗೇ ನಿಂತು ಕೇಳಿದ್ಲು. "ಟೀಚರ್, ಕಾರಡವಿ ಮಲ್ಲಯ್ಯಗ ಹೊಂಟೀರಂತ?" ಮುಂಜಾನಿ ಒಂಬತ್ತು ಗಂಟೆ. ನಾ ಹೇಳಿ ಇನ್ನ ಒಂದು ದಿನಾನೂ ಆಗಿಲ್ಲ. ಅತ್ತಿ ನಳದ ಕಡಿ ಹೋಗಿದ್ಲು, ಅಷ್ಟ ಸಾಕು.

ಮಧ್ಯಾಹ್ನಕ್ಕ ಅಕಿ ನನಗೇ ಆ ದೇವರ ಕಥಿ ಹೇಳಾಕತ್ತಾಳ. ಗುಡಿಗಿ ಛತ್ತ ಇಲ್ಲಂತ, ಕಟ್ಟಿದ್ರ ನಿಲ್ಲಂಗಿಲ್ಲಂತ. ಸೋಮಾರ ದಿನ ಹುಲಿ ಬಂದು ಪಾದ ನೆಕ್ಕಿ ಹೋಗ್ತದಂತ. "ಯಾರ ಹೇಳಿದ್ರು?" ಅಂದೆ. "ಮಂದಿ ಅಂತಾರ್ರಿ." ನಾ ಏನ್ ಅನ್ಲಿ? ಹೌದು ಅಂದೆ.

ನವೆಂಬರ್ 21, ಗುರುವಾರ. ಸಂಜಿ 7

ಸುರಪುರಕ್ಕ ಮೀಟಿಂಗಿಗಿ ಹೋಗಿದ್ದೆ. ಹೊಳ್ಳಿ ಬರೋ ಮುಂದ ಬಜಾರದಾಗ ಬೂಟು ತಗೊಂಡೆ! ಕ್ಯಾನ್ವಾಸು. ಬಿಳೀದು, ಮಗ್ಗಲಕ ಗುಲಾಬಿ ಪಟ್ಟಿ. ಅಂಗಡಿ ಮನ್ಸೂರಅಲಿ "ಮಗಳಿಗೇನ್ರಿ?" ಅಂದ. "ಹ್ಞೂಂ," ಅಂದೆ. "ಮಗಳನ್ನ ಕರಕೊಂಡು ಬರ್ರಿ, ಸೈಜು ನೋಡ್ತೀನಿ." "ನನ್ನ ಕಾಲಿಷ್ಟೇ ಅದ ಅಕಿ ಕಾಲು," ಅಂತ ಹಾಕ್ಕೊಂಡು ನೋಡಿದೆ. ನನಗ ಮಗಳೇ ಇಲ್ಲ. ಇಬ್ಬರು ಗಂಡ ಹುಡುಗೂರು, ಹಾಸ್ಟೆಲ್‌ದಾಗ ಅದಾರ.

ಸುಳ್ಳು ಹೇಳೋದು ರೂಢಿ ಬಿತ್ತು ನೋಡು.

ನವೆಂಬರ್ 23, ಶನಿವಾರ

ಕತ್ತಲಿದ್ದಾಗ ಬೂಟು ಸೆರಗಿನ್ಯಾಗ ಮುಚ್ಚಿಕೊಂಡು ಕಾಲುವಿ ಏರಿ ಮ್ಯಾಲ ಹೋಗಿ ಹಾಕ್ಕೊಂಡು ನಡದೆ. ಮರಿಲಿಂಗಿ ಹೇಳ್ಯಾಳ, ಅಲ್ಲಿ ಟ್ರೆಕ್ಕಿಂಗ್ ಅದ, ಎರಡು ತಾಸು ಗುಡ್ಡ ಹತ್ತಬೇಕು, ಈಗಿಂದ ರೂಢಿ ಮಾಡಿಕೋ ಅಂತ. ಕಾಲುವಿ ನೀರು ನಿಂತದ, ತಳದಾಗ ಬೆಳ್ಳಕ್ಕಿ ಸಾಲು. ಎರಡು ಮೈಲಿ ನಡದೆ. ಕಾಲಿಗಿ ಮೆತ್ತಗ! ನಲವತ್ತಾರು ವರ್ಷ ಈ ಸುಖ ಗೊತ್ತಿರಲಿಲ್ಲ.

ಹೊಳ್ಳೋ ಮುಂದ ನೀರು ಬಿಡೋ ಹಣಮಂತ್ರಾಯ ಸೈಕಲ್ ಮ್ಯಾಲ ಎದುರು ಬಂದ. ಬೂಟು ನೋಡಿದ. "ಶುಗರ್ ಬಂದದ, ಡಾಕ್ಟರ್ ನಡೀರಿ ಅಂದಾರ," ಅಂದೆ. ಪಾಪ, ಅಂವ ಬೇವಿನ ಎಲಿ ತಿನ್ನು ಅಂತ ಹೇಳಿ ಹೋದ. ಸಂಜಿಗಿ ಅವನ ಹೆಂಡತಿ ಒಂದು ಮೊರದ ತುಂಬ ಬೇವಿನ ಎಲಿ ಕಳಿಸ್ಯಾಳ. ಅತ್ತಿ ನನಗ ಚಹಾದಾಗ ಸಕ್ಕರಿ ಬಂದ್ ಮಾಡ್ಯಾಳ.

ನವೆಂಬರ್ 25, ಸೋಮವಾರ

ಹೊಸಾ ಕಾಯ್ದೆ. ಹರಕಿಗಿ ಹೋಗೋರು ಇವತ್ತಿಂದ ಖಂಡ ಮೀನ ಮುಟ್ಟಂಗಿಲ್ಲ. ಹೊಂಟ ದಿನ ಬರಿಗಾಲಾಗ ಹೋಗಬೇಕು. ಅತ್ತಿ ಹಾಕಿದ್ದು. ಬೂಟು ಅಕ್ಕಿ ಡಬ್ಬಿ ಹಿಂದ ಇಟ್ಟೀನಿ.

ಅಕ್ಕಗ ಹೇಳಿದೆ. "ನಾನಂತೂ ಒಣ ಮೀನ ಕಟಗೊಂಡು ಬರ್ತೀನಿ," ಅಂದ್ಲು. "ನಿಮ್ಮ ಮಲ್ಲಯ್ಯಗೂ ಒಂದು ಕೊಡ್ತೀನಿ." ಈಗ ಅಕಿದೇ ಜೋರು. ಮೊದಲು ಹುಲಿ ಅಂದ್ರ ಹೆದರಾಕಿ, ಈಗ ದಿನಾ ಫೋನ್. ಟಾರ್ಚು ಬೇಕೇನ, ಹಾಸಿಗಿ ಕೊಡ್ತಾರೇನ, ರಾತ್ರಿ ಬೆಂಕಿ ಹಾಕ್ತಾರಂತಲ್ಲ, ಕಟಗಿ ಮನಿಗಿ ಬೆಂಕಿ ಹತ್ತಿದ್ರ? ಮಂಚದ ಮ್ಯಾಲ ಮಂಚ ಇರ್ತದಂತ ಮರಿಲಿಂಗಿ ಫೋಟೋ ಕಳಿಸಿದ್ರ, "ಮ್ಯಾಲಿಂದು ನಂದು," ಅಂತ ಅಂದ್ಲು. ಐವತ್ತೈದು ವರ್ಷದಾಕಿ.

ನವೆಂಬರ್ 28, ಗುರುವಾರ. ಸಂಜಿ

ಈಗ ತ್ರಾಸ ಸುರು ಆತು.

ನಮ್ಮ ಕಡಿ ಪದ್ಧತಿ ಹಂಗೇ ಅದ, ನನಗ್ಯಾಕ ಮೊದಲೇ ಹೊಳೀಲಿಲ್ಲ? ಯಾರರೆ ದೂರದ ದೇವರಿಗಿ ಹೊಂಟ್ರ ಓಣಿಯೋರೆಲ್ಲಾ ತಮ್ಮ ಕಾಯಿ, ಕಾಣಿಕಿ ಅವರ ಕೈಯಾಗ ಕೊಡ್ತಾರ. ಹೆಸರು ಹೇಳಿ ಮುಟ್ಟಿಸಬೇಕು. ನಾನೂ ಕೊಟ್ಟೀನಿ ಎಷ್ಟೋ ಸಲ. ನಿನ್ನಿ ನಾಲ್ಕು ಕಾಯಿ ಬಂದ್ವು. ಇವತ್ತ ಏಳು. ಕೊಬ್ಬರಿ ಬಟ್ಟಲಾ, ಊದಿನಕಡ್ಡಿ, ಒಂದು ಜಂಪರ್ ಪೀಸು. ಹಣಮಂತಮ್ಮ ಗಂಡ ಶೆರೆ ಕುಡಿಯೋದು ಬಿಡಿಸು ಅಂತ ಬೇಡ್ಕೊಂಡಾಳ. ಶೇಂಗಾ ಅಂಗಡಿ ವೆಂಕಟಪ್ಪನ ಎಮ್ಮಿ ಕಳದದ, ಅದು ಸಿಗಬೇಕಂತ. ಅತ್ತಿ ಸುದ್ದಾ! ಹಳದಿ ಅರಬಿಯಾಗ ಏನೋ ಗಂಟು ಕಟ್ಟಿ, "ಮೊಣಕಾಲಿಂದು," ಅಂತ ಅಂದು ದೇವರ ಜಗಲಿ ಮ್ಯಾಲ ಇಟ್ಟಾಳ.

ಎಲ್ಲಾ ಒಂದು ಗೊಬ್ಬರ ಚೀಲದಾಗ ತುಂಬೀನಿ. ಚೀಲ ನೋಡಿದ್ರ ನಗಿ ಬರ್ತದ, ಒಳಗ ಏನೋ ಚುರ್ ಅಂತದ.

ಡಿಸೆಂಬರ್ 2, ಸೋಮವಾರ. ಮಧ್ಯಾಹ್ನ, ಅಂಗನವಾಡಿ

ಇನ್ನ ಹನ್ನೊಂದು ದಿನ!! ಸಜ್ಜಿ ರೊಟ್ಟಿ ಕಡಕ್ ಮಾಡಿ ಒಯ್ಯೋದು, ಶೇಂಗಾ ಹಿಂಡಿ, ಉಪ್ಪಿನಕಾಯಿ. ಅಲ್ಲಿ ಊಟ ಕೊಡ್ತಾರ ಖರೆ, ಅನ್ನದ ಮ್ಯಾಲ ನಮ್ಮ ಹೊಟ್ಟಿ ನಿಲ್ಲಬೇಕಲ್ಲ. ಮಶೀನು ಬಂದು ಭತ್ತ ಕೊಯ್ದು ಹೋತು, ಇವರಿಗೂ ಕೆಲಸ ಹಗುರ. ಶುಕ್ರವಾರ ಶನಿವಾರ ರಜಾ ಮಂಜೂರಾತು. ಸೂಪರ್‌ವೈಸರ್ ಮೇಡಮ್ಮು ಸಹಿ ಮಾಡಿ, ಊದಿನಕಡ್ಡಿ ಕಟ್ಟು ಕೈಗಿಟ್ರು. ಅವರೂ!

ವೆಂಕಟಪ್ಪನ ಎಮ್ಮಿ ಸಿಕ್ಕದ. ಕಾಲುವಿ ಆಚಿ ದಂಡ್ಯಾಗ ಮೇಯಾಕತ್ತಿತ್ತಂತ. ಓಣಿ ತುಂಬಾ ಮಲ್ಲಯ್ಯಂದೇ ಮಾತು. ಚೀಲ ಒಂದಿದ್ದದ್ದು ಎರಡಾಗ್ಯಾವ.

ಡಿಸೆಂಬರ್ 5, ಗುರುವಾರ. ಸಂಜಿ 6

ಮಜೀದಾ ಬಂದಿದ್ಲು.

ಬಾಜೂ ಮನಿ ಮಜೀದಾ, ಬಳಿ ಅಂಗಡಿಯಾಕಿ. ಇಪ್ಪತ್ತಾರು ವರ್ಷದ ದೋಸ್ತಿ. ನಾ ಹೊಸದಾಗಿ ಈ ಊರಿಗಿ ಬಂದಾಗ ನೀರು ಎಲ್ಲಿ ತರಬೇಕಂತ ತೋರಿಸಿದಾಕಿ ಅಕಿ. ಯಾರ ಹತ್ರಾನೂ ಏನೂ ಬೇಡಿದ್ದು ನೋಡಿಲ್ಲ ನಾ.

ಕೈಯಾಗ ಎರಡು ಹಸರು ಗಾಜಿನ ಬಳಿ, ಸಣ್ಣ ಕೂಸಿಗಿ ಹಾಕೋವು. ಒಂದು ಪುಡಿಕಿ ಸಕ್ಕರಿ. ಶಹಾಪುರದಾಗ ಇರೋ ಮಗಳು ಹನ್ನೆರಡು ವರ್ಷದ ಮ್ಯಾಲ ಬಸರಾಗ್ಯಾಳ, ಮೂರು ತಿಂಗಳು. ಇನ್ನ ಯಾರಿಗೂ ಹೇಳಿಲ್ಲ. "ನಮ್ಮ ದರ್ಗಾಕ್ಕೂ ಬೇಡ್ಕೊಂಡೀನಿ ದೇವಕ್ಕ, ನಿಮ್ಮ ಮಲ್ಲಯ್ಯಗೂ ಹೇಳು. ಎಮ್ಮಿ ಹುಡುಕಿ ಕೊಡಾಂವ ಕೂಸು ಕಾಯಂಗಿಲ್ಲೇನ?" ಅಂದ್ಲು. ಕಣ್ಣಾಗ ನೀರು ಇತ್ತು, ನಗ್ತಿದ್ಲು.

ಬಳಿ ಇಸ್ಕೊಂಡೆ. ಇಸ್ಕೊಂಡುಬಿಟ್ಟೆ ನಾ.

ಡಿಸೆಂಬರ್ 6

ಬರಿಯಾಕ ಮನಸಿಲ್ಲ. ಉಂಡಿದ್ದು ಮೈಗಿ ಹತ್ತಿಲ್ಲ.

ಡಿಸೆಂಬರ್ 8, ಐತವಾರ. ಮಧ್ಯಾಹ್ನ

ಮೂವರೂ ಫೋನಿನ್ಯಾಗ ಕೂಡಿದ್ವಿ. ಅಕ್ಕ ಅಂತಾಳ, "ಚೀಲ ನನ್ನ ಕಡಿ ಕಳಿಸು, ನಮ್ಮ ಮೌನಪ್ಪನ ಗುಡಿಗಿ ಮುಟ್ಟಿಸ್ತೀನಿ. ಅಂವಗ ಹಿಂದು ಮುಸಲರು ಎಲ್ಲಾರೂ ಒಂದೇ." ಮರಿಲಿಂಗಿ ಅಂತಾಳ, "ಅಡವ್ಯಾಗ ಯಾದರೆ ಕಲ್ಲಿಗಿ ಕಾಯಿ ಒಡದು ಬಂದ್ರಾತು, ಕಲ್ಲೂ ದೇವರೇ."

ಇಬ್ಬರ ಮಾತೂ ಬರೋಬರ್ ಅನಸ್ತದ. ಆದ್ರ ಒಬ್ಬ ದೇವರ ಹರಕಿ ಇನ್ನೊಬ್ಬ ದೇವರಿಗಿ ನಡೀತದೇನ? ಹಂಗ ನಡೀತಿದ್ರ ಮಂದಿ ಊರ ಹನಮಪ್ಪಗೇ ಎಲ್ಲಾ ಮುಟ್ಟಿಸ್ತಿದ್ರು. ಮಜೀದಾ ಹೆಸರು ಹಿಡದು ಬೇಡ್ಯಾಳ. ನಾಳೆ ಆ ಹುಡುಗಿಗಿ ಏನರೆ ಹೆಚ್ಚು ಕಮ್ಮಿ ಆದ್ರ? ದೇವರು ಶಿಕ್ಷೆ ಕೊಡ್ತಾನಂತ ಹೆದರಿಕಿ ಅಲ್ಲ ನಂದು. ಮಜೀದಾನ ಮಾರಿ ನೋಡಾಕ ಆಗಂಗಿಲ್ಲ ನನಗ, ಅದು.

"ಖರೇ ಹೇಳಿಬಿಡ್ತೀನಿ," ಅಂದೆ.

"ಹೇಳಿದ್ರ ಟ್ರಿಪ್ಪು ಹೋತು!" ಅಂತ ಒದರಿದ್ಲು ಅಕ್ಕ. "ಐದ ದಿನ ಬಾಯಿ ಮುಚ್ಚಿಕೊಂಡಿರಾಕ ಆಗಲ್ಲೇನ ನಿನಗ? ಬಂದ ಮ್ಯಾಲ ಹೇಳು!"

ಬಂದ ಮ್ಯಾಲ ಹೇಳಿದ್ರ ಅದು ಹೇಳಿದಂಗೇನ? ಗೊತ್ತಿಲ್ಲ. ಹೋಗಬೇಕಂತ ಎಷ್ಟು ಆಸಿ ಅದ ಅಂದ್ರ, ಆ ಬೂಟು ದಿನಾ ಒಮ್ಮಿ ತಗದು ನೋಡ್ತೀನಿ.

ಡಿಸೆಂಬರ್ 9, ಸೋಮವಾರ. ಸಂಜಿ

ಮಜೀದಾಗ ಹೇಳಿದೆ. ಅಂಗಡಿಯಾಗ ಒಬ್ಬಾಕಿನೇ ಇದ್ಲು, ಬಳಿ ಒರೆಸಿ ಜೋಡಿಸಿ ಇಡಾಕತ್ತಿದ್ಲು. ಒಂದೇ ಉಸುರಿಗಿ ಹೇಳಿದೆ: ಮಲ್ಲಯ್ಯನೂ ಇಲ್ಲ, ಹರಕಿನೂ ಇಲ್ಲ, ನಾವು ಸುಮ್ನ ಅಡವಿ ನೋಡಾಕ ಹೊಂಟೀವಿ. ಬಳಿ, ಸಕ್ಕರಿ ಪುಡಿಕಿ ಅಕಿ ಮುಂದ ಇಟ್ಟೆ.

ಸಿಟ್ಟಾಗ್ತಾಳ ಅಂದ್ಕೊಂಡಿದ್ದೆ. ಬಳಿ ತಗೊಂಡು ಡಬ್ಬ್ಯಾಗ ಇಟ್ಲು. ಸಕ್ಕರಿ ಪುಡಿಕಿ ಬಿಚ್ಚಿ ಒಂದೀಟು ಬಾಯಿಗಿ ಹಾಕ್ಕೊಂಡ್ಲು. ಆಮ್ಯಾಲ ಕೇಳಿದ್ಲು:

"ಅತ್ತಿಗಿ ಸುಳ್ಳ ಹೇಳಿದಿ, ತಿಳೀತು. ಓಣಿಗಿ ಹೇಳಿದಿ, ಅದೂ ತಿಳೀತು. ನನಗ್ಯಾಕ ಹೇಳಿದಿ?"

ಬಳಿ ಡಬ್ಬಿ ಮುಚ್ಚಿದ್ಲು.

"ತಿರಗಾಡಾಕ ಅಂದಿದ್ರ ನಾ ಏನ್ ನಿನ್ನ ಕಾಲು ಕಟ್ತಿದ್ನೇನ?"

ಗಿರಾಕಿ ಬಂದ್ರು. ಹೊಳ್ಳಿ ಬಂದೆ. ಬಚ್ಚಲದಾಗ ಕೂತು ಅತ್ತೆ.

ಡಿಸೆಂಬರ್ 10, ಮಂಗಳವಾರ. ಮಧ್ಯಾಹ್ನ 3

ಮನ್ಯಾಗ ಹೇಳಿದೆ. ಇವರೂ ಇದ್ರು. ಅತ್ತಿ ಮೊದಲು ತಿಳೀದವರಂಗ ನೋಡಿದ್ಲು. ಎರಡನೇ ಸಲ ಹೇಳಬೇಕಾತು.

"ದೇವರೇ ಇಲ್ಲ?"

"ಇಲ್ರಿ."

"ಯವ್ವಾ ಯವ್ವಾ!" ಎದಿ ಬಡಕೊಂಡ್ಲು. "ಗಂಟು ಕಟ್ಟಿದ ಮ್ಯಾಲ ನನ್ನ ಮೊಣಕಾಲ ಬ್ಯಾನಿ ಅರ್ಧಕ್ಕರ್ಧ ಕಮ್ಮಿ ಆಗಿತ್ತಲ್ಲೇ! ನೀ ಬಾಯಿ ತಗದಿ, ನೋಡೀಗ, ಮತ್ತ ಚಾಲೂ ಆತು!" ಅಂತ ಅಲ್ಲೇ ಕಾಲು ಚಾಚಿ ಕೂತ್ಲು. ನನಗ ಅಳು, ಅದರಾಗ ನಗಿ. ನಗಿ ತಡಕೊಂಡು ತಡಕೊಂಡು ಕೆಮ್ಮು ಬಂತು. ಇವರು ಎದ್ದು ಹೊರಗ ಹೋದ್ರು. ಗ್ವಾಡಿ ಆಚಿಂದ ಅವರೂ ಕೆಮ್ಮಿದ್ದು ಕೇಳಸ್ತು.

ಅತ್ತಿ ಮಾತು ಬಿಟ್ಟಾಳ. ಬ್ಯಾಡ ಅಂತಾನೂ ಅಂದಿಲ್ಲ, ಹೋಗು ಅಂತಾನೂ ಅಂದಿಲ್ಲ.

ಡಿಸೆಂಬರ್ 11, ಬುಧವಾರ. ಸಂಜಿ 7

ಎರಡೂ ಚೀಲ ತಲಿ ಮ್ಯಾಲ ಹೊತ್ತು ಮನಿ ಮನಿಗಿ ತಿರಗಿದೆ. ತಿರಗಾಡಾಕಿ ಆದೆ ಅಂತೂ. ಹೊರಸ್ಕೊಂಡ ಕಾಯಿ ಹೊಳ್ಳಿ ಕೊಡೋದು ಎಷ್ಟು ಭಾರ! ಒಬ್ಬಾಕಿ ಬಾಗಲಾ ಹಾಕ್ಕೊಂಡ್ಲು. ಒಬ್ಬಾಕಿ "ಕಲತೋರೇ ಹಿಂಗ ಮಾಡಿದ್ರ" ಅಂತ ಒಂದು ತಾಸು ಉಗದ್ಲು. ಉಗಿಸ್ಕೊಂಡೆ, ನಂದೇ ತಪ್ಪು. ವೆಂಕಟಪ್ಪ ಮಾತ್ರ ಒಪ್ಪವಲ್ಲ. "ದೇವರಿಲ್ಲಂದ್ರ ಎಮ್ಮಿ ಹ್ಯಾಂಗ ಸಿಕ್ಕತು?" ಅಂತಾನ. ಹಣಮಂತಮ್ಮ, "ಹಂಗಾದ್ರ ನಾ ಮಂದಿಗಿ ಹೇಳಿದ್ದೆಲ್ಲಾ ಸುಳ್ಳೇನ್ರಿ ಟೀಚರ್?" ಅಂತ ನನ್ನ ಮ್ಯಾಲೇ ಬಂದ್ಲು. ಹುಲಿ ತಂದಾಕಿ ನೀನಲ್ಲೇನ ಯವ್ವಾ, ಅಂದೆ.

ಒಂದಿಬ್ಬರು ಬಾಗಿಲದಾಗ ನಿಂದ್ರಿಸಿ ಮೆಲ್ಲಕ ಕೇಳಿದ್ರು, ಅಲ್ಲಿ ಅಡಗಿ ಖರೇನ ಅವರೇ ಮಾಡ್ತಾರೇನ ಅಂತ.

ಕಡೀ ಮನಿ ಮುಗಸಿ ಬರೋದ್ರಾಗ ಅಕ್ಕನ ಫೋನು. ಸುದ್ದಿ ತಿಂಥಣಿ ಮುಟ್ಯದ. ಹಣಮಂತಮ್ಮನ ತವರುಮನಿ ಅದೇ ಊರು, ಮರತೇಬಿಟ್ಟಿದ್ದೆ. ಭಾಗಣ್ಣ ಮಾವ ಬ್ಯಾಡ ಅಂದಾನ. "ದೇವರಿಗಂತ ಒಪ್ಪಿದ್ದೆ. ತಿರಗಾಡಾಕ ಅಂದ್ರ ಹೊಳಿ ದಂಡ್ಯಾಗ ಮಂದಿಗಿ ಏನ್ ಹೇಳ್ಲಿ?" ಅಂದಾನಂತ.

ಅಕ್ಕ ಅಳತಿದ್ಲು. "ನೀ ಬಾಯಿ ಮುಚ್ಚಿಕೊಂಡಿದ್ರ ನಾ ಬರ್ತಿದ್ದೆ ದೇವೀ. ನಿನ್ನ ಮನಸು ಹಗುರಾತು. ನಂದು ಹೋತು." ಫೋನ್ ಇಟ್ಟುಬಿಟ್ಲು.

ಅಕಿ ಹೇಳಿದ್ದು ಖರೇ ಅದ. ನಾ ನನ್ನ ಸಲುವಾಗಿ ಖರೇ ಹೇಳಿದೆ, ಅದರ ದಂಡ ಅಕ್ಕ ಕಟ್ಟಬೇಕಾತು. ಅಕ್ಕ ಇಲ್ಲದ ಅಡವಿ ನನಗ ಬ್ಯಾಡ. ಮರಿಲಿಂಗಿಗಿ ಹಂಗೇ ಹೇಳಿದೆ. ಅಕಿ, "ಕ್ಯಾನ್ಸಲ್ ಮಾಡಂಗಿಲ್ಲ. ನಾಳೆ ಸಂಜಿಗಿ ನಾ ಸುರಪುರಕ್ಕ ಬಂದು ಗೆಳತಿ ಮನ್ಯಾಗ ಇರ್ತೀನಿ. ಶುಕ್ರವಾರ ನಸುಕಿನ ಹುಬ್ಬಳ್ಳಿ ಬಸ್ಸು ಹತ್ತೋದೇ. ಬರೋರು ಬರ್ರಿ," ಅಂದ್ಲು.

ಡಿಸೆಂಬರ್ 12, ಗುರುವಾರ. ಸಂಜಿ 5

ಅಕ್ಕನ ಫೋನು ಸ್ವಿಚ್ ಆಫ್. ಮುಂಜಾನಿಯಿಂದ ಹದಿನಾಲ್ಕು ಸಲ ಹಚ್ಚೀನಿ.

ರೊಟ್ಟಿ ಕಟ್ಟೀನಿ, ಮೂವರಿಗಾಗುವಷ್ಟು. ಬ್ಯಾಗ್ ತುಂಬೀನಿ. ಬೂಟು ಹೊರಗ ಬಾಗಿಲ ಮುಂದ ಎಲ್ಲಾರಿಗೂ ಕಾಣೋ ಹಂಗ ಇಟ್ಟೀನಿ. ಇವರು ಅದನ್ನ ನೋಡಿ, ಲೇಸು ಬರೋಬರ್ ಇಲ್ಲಂತ ಕೂತು ಪೋಣಿಸಿಕೊಟ್ರು. "ಹೋಗಿ ಬಾ. ಅವ್ವಗ ಎಣ್ಣಿ ನಾ ತಿಕ್ಕತೀನಿ," ಅಂದ್ರು. ಅಷ್ಟ. ಇಪ್ಪತ್ತಾರು ವರ್ಷದಾಗ ಇವತ್ತ ಒಂದೀಟು ಹೊಟ್ಟ್ಯಾಗಿಂದು ಹೊರಗ ಬಂತು.

ಅತ್ತಿ ಎರಡು ದಿನದ ಮ್ಯಾಲ ಬಾಯಿ ಬಿಟ್ಟಳು. "ಆ ಅಡವ್ಯಾಗ ಖರೇನ ಯಾ ದೇವರೂ ಇಲ್ಲೇನ?"

"ಇದ್ರೂ ಇರಬಹುದ್ರಿ ಅತ್ತಿ. ನನಗ ಗೊತ್ತಿಲ್ಲ."

"ಇದ್ರ ಮೊಣಕಾಲಿಂದು ಹೇಳು."

ಆಮ್ಯಾಲ ಮಜೀದಾ. ಬಾಗಿಲದಾಗ ನಿಂತ್ಲು, ಒಳಗ ಬರಲಿಲ್ಲ. ಕೈಯಾಗ ದಪ್ಪನ್ನ ಉಣ್ಣಿ ಸ್ವೆಟರು, ಅಕಿ ಅಳಿಯಂದು. "ದೇವರಿಗಿ ಹೋಗೋರನ್ನ ದೇವರು ಕಾಯ್ತಾನ. ತಿರಗಾಡಾಕ ಹೋಗೋರಿಗಿ ಥಂಡಿ ಹತ್ತತದ, ಹಾಕ್ಕೋ."

"ಮಗಳು ಹ್ಯಾಂಗದಾಳ?"

"ಛೊಲೋ ಅದಾಳ. ನಮ್ಮ ದುವಾ ನಾವು ಮಾಡ್ಕೊತೀವಿ." ಇನ್ನ ಸಿಟ್ಟದ ಅಕಿಗಿ. ಆದ್ರ ಹೋಗೋ ಮುಂದ ಹೊಳ್ಳಿ ನೋಡಿ ಅಂದ್ಲು, "ಹುಲಿ ಬಂದ್ರ ಫೋಟೋ ಹೊಡಿ."

ಅಕ್ಕ ಒಬ್ಬಾಕಿ ಫೋನ್ ಎತ್ತಿದ್ರ ಇವತ್ತ ನನ್ನಂಥ ಸುಖದಾಕಿ ಇರ್ತಿದ್ದಿಲ್ಲ.

ಡಿಸೆಂಬರ್ 13, ಶುಕ್ರವಾರ. ಮುಂಜಾನಿ 7.10, ಬಸ್ಸಿನ್ಯಾಗ

ಅಕ್ಷರ ಕುಣ್ಯಾಕತ್ತಾವ. ಬಸ್ಸೂ ಕುಣ್ಯಾಕತ್ತದ. ಈಗೇ ಬರೀಲಿಲ್ಲಂದ್ರ ಎದಿ ಒಡೀತದ.

ಆರಕ್ಕೇ ಬಂದು ಹುಣಸಗಿ ಸ್ಟ್ಯಾಂಡಿನ್ಯಾಗ ನಿಂತಿದ್ದೆ. ಮಂಜು. ಸುರಪುರದಿಂದ ಬರೋ ಬಸ್ಸು ಹೊಳ್ಳಿ ಒಳಗ ಬಂತು. ಕಿಡಕ್ಯಾಗ ಮರಿಲಿಂಗಿ ಕಂಡ್ಲು. ಬಾಜೂ ಸೀಟು ಖಾಲಿ. ಎತ್ತಿದ ಬ್ಯಾಗ್ ಮತ್ತ ಕೆಳಗಿಟ್ಟೆ. ಅಷ್ಟರಾಗ ಹಿಂದಿನ ಬಾಗಿಲದಾಗ ಸರಳು ಹಿಡಕೊಂಡು, ಅರ್ಧ ಮೈ ಹೊರಗ ಹಾಕಿ, ಒಬ್ಬಾಕಿ ಒದರಾಕತ್ತಿದ್ಲು: "ದೇವೀ! ಹತ್ತ ಜಲ್ದಿ! ಕಂಡಕ್ಟರ್ ಬೈತಾನ!"

ಅಕ್ಕ!! ಬಂದಾಳ! ನನ್ನ ಬಾಜೂನೇ ಕೂತಾಳ ಈಗ, ಮೈ ಎಲ್ಲಾ ಒಣ ಮೀನದ ವಾಸನಿ.

ಕೇಳಿದೆ, ಮಾವ ಹ್ಯಾಂಗ ಒಪ್ಪಿದ ಅಂತ. ಜಗಳಾನೇ ಮಾಡಿಲ್ಲಂತ. ನಿನ್ನಿ ಉಂಡ ಮ್ಯಾಲ ಇಷ್ಟ ಅಂದಾಳ: "ಸುಳ್ಳ ಹೇಳಿದಾಗ ಹೋಗು ಅಂದ್ರಿ. ಖರೇ ಗೊತ್ತಾದ ಮ್ಯಾಲ ಬ್ಯಾಡ ಅಂತೀರಿ. ಆತು ಬಿಡ್ರಿ. ಇನ್ನ ಮ್ಯಾಲ ನಿಮಗ ಎಲ್ಲಾದ್ರಾಗೂ ಸುಳ್ಳೇ ಹೇಳ್ತೀನಿ." ಅಂದು ಮಲಗಿಬಿಟ್ಟಾಳ. ಮಾವಗ ನಿದ್ದಿ ಹತ್ತಿಲ್ಲ. ನಸುಕಿನ್ಯಾಗ ಎದ್ದು ತಾನೇ ಗಾಡಿ ಕಿಕ್ ಹೊಡದು, "ನಡಿ," ಅಂದನಂತ.

ಸುರಪುರ ಸ್ಟ್ಯಾಂಡಿನ್ಯಾಗ ಯಾರೋ ಪರಿಚಯದಂವ, "ಏನ್ ಭಾಗಣ್ಣ, ಹೆಂಡತಿನ್ನ ಎಲ್ಲಿಗಿ ಕಳಿಸಾಕತ್ತಿ?" ಅಂದನಂತ. ಮಾವ ಎರಡು ಸಲ ಗಂಟಲ ಸರಿ ಮಾಡಿಕೊಂಡ, "ತಿರಗಾಡಾಕ ಹೊಂಟಾಳ," ಅಂದ. ಆಮ್ಯಾಲ ಅವನ ಮ್ಯಾಲೇ ಏರಿ ಹೋದ: "ಯಾಕ? ಹೋಗಬಾರದೇನ?"

ಮರಿಲಿಂಗಿ ನಕ್ಕು ನಕ್ಕು ಸೀಟಿನ ಕೆಳಗ ಹೊಂಟಾಳ.

ಈಗ ಹಿಂದಿನ ಸೀಟಿನ್ಯಾಕಿ, ಯಾರೋ ಗುರತಿಲ್ಲದಾಕಿ, ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಮುಂದ ಬಗ್ಗಿ ಕೇಳಿದ್ಲು, "ಮೂವರೂ ಯಾವ ದೇವರಿಗ್ರಿ?"

ಮೂವರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಅಕ್ಕ ಹೊಳ್ಳಿ ಕೂತ್ಲು. "ಯಾ ದೇವರಿಗೂ ಅಲ್ಲ ತಂಗಿ. ತಿರಗಾಡಾಕ!" ಇಡೀ ಬಸ್ಸಿಗಿ ಕೇಳಸ್ತು. ಡ್ರೈವರ್ ಸುದ್ದಾ ಕನ್ನಡ್ಯಾಗ ನೋಡಿದ.

ಆ ಹೆಣಮಗಳು ಕೂಸಿನ್ನ ಹೆಗಲಿಗಿ ಹಾಕ್ಕೊಂಡ್ಲು. ಇನ್ನೊಂದೀಟು ಮುಂದ ಬಗ್ಗಿ, ಯಾರಿಗೂ ಕೇಳಬಾರದಂಗ ಕೇಳಾಕತ್ತಾಳ: "ಯಕ್ಕಾರ, ಮನ್ಯಾಗ ಏನಂತ ಹೇಳಿ ಬಂದ್ರಿ?"

ಅಕ್ಕ ಹೇಳಾಕ ಸುರು ಮಾಡ್ಯಾಳ. ನಾನೂ ಕೇಳಬೇಕು, ಪೆನ್ನು ಮುಚ್ಚತೀನಿ.